ಹಿಂದಿನ ವೀಲ್ ಸ್ಟಡ್ ಕಟ್ ಆಗಿದ್ಯಾ? ಆಕ್ಸಲ್ ಬಿಚ್ಚಿ ಹೊಸದು ಹಾಕೋ ಕ್ರಮ (ಜಿಪ್ಸಿ ಇಟ್ಕೊಂಡೋರಿಗೆ)

ಮಳೆಗಾಲ ಶುರುವಾದ್ರೆ ಈ ಪ್ರಶ್ನೆನೂ ಶುರು. "ಪಂಚರ್ ಶಾಪ್‌ನಲ್ಲಿ ಹಿಂದಿನ ಚಕ್ರದ ಸ್ಟಡ್ ಕಟ್ ಆಯ್ತು, ಮೆಕ್ಯಾನಿಕ್ ಆಕ್ಸಲ್ ಎಳೀಬೇಕು ಅಂತಾನೆ, ಒಂದು ಸ್ಟಡ್‌ಗೆ ಅಷ್ಟೆಲ್ಲಾ ಬೇಕಾ, ಸುಮ್ನೆ ಬಿಲ್ ಜಾಸ್ತಿ ಮಾಡ್ತಿದ್ದಾನಾ?" ಅಂತ ಕೇಳೋರೇ ಜಾಸ್ತಿ. ಕೆಲವು ಗಾಡಿಗೆ ಬೇಡ, ಕೆಲವಕ್ಕೆ ಬೇಕು. ಸ್ಟಡ್ ಅಂದ್ರೆ ಚಕ್ರದ ನಟ್ ಕೂರೋ ಬೋಲ್ಟ್, ಅದರ ರೇಟು ಏನೂ ಇಲ್ಲ. ಆದ್ರೆ ಆಕ್ಸಲ್ (ಚಕ್ರನ ತಿರುಗಿಸೋ ಉದ್ದ ಕಂಬಿ) ಹೊರಗೆ ಬಂತು ಅಂದ್ರೆ ಆಯಿಲ್ ಸೀಲ್ (ಆಯಿಲ್ ಹೊರಗೆ ಜಿನುಗದ ಹಾಗೆ ತಡೆಯೋ ರಬ್ಬರ್ ಬಾಯಿನ ಉಂಗುರ), ಕ್ರೌನ್ ಆಯಿಲ್, ಬ್ರೇಕ್ ಬ್ಲೀಡಿಂಗ್ ಎಲ್ಲಾ ಅದರ ಹಿಂದೆನೇ ಬರತ್ತೆ, ಅದಕ್ಕೆ ಬಿಚ್ಚೋಕೆ ಮುಂಚೆ ಬಿಚ್ಚಲೇಬೇಕಾ ಅಂತ ನೋಡ್ಕೊಳ್ಳಿ, ಬಿಚ್ಚೋದೇ ಆದ್ರೆ ಎಲ್ಲಾ ಸಾಮಾನು ಒಟ್ಟಿಗೆ ತಂದಿಟ್ಕೊಂಡು ಒಂದೇ ಸಲ ಮುಗಿಸಿ.

ನಾನಿಲ್ಲಿ ಮಾರುತಿ ಜಿಪ್ಸಿ ಹಿಡ್ಕೊಂಡು ಹೇಳ್ತೀನಿ, ಕೊಡಗು, ಸಕಲೇಶಪುರ, ಚಿಕ್ಕಮಗಳೂರು ಕಡೆ ಎಸ್ಟೇಟ್‌ಗಳಲ್ಲಿ ಇನ್ನೂ ಬೇಕಾದಷ್ಟು ಓಡ್ತಿವೆ, ಕೇಳೋರೂ ಅವರೇ ಜಾಸ್ತಿ. ಓಮ್ನಿ, ಈಕೋ ಇರೋರಿಗೂ ಕ್ರಮ ಹೆಚ್ಚುಕಮ್ಮಿ ಇದೇ, ಅಳತೆಗಳು ಬೇರೆ.

ಮೊದಲು ನಿಮ್ಮ ಗಾಡಿ ಯಾವ ಜಾತಿ ಅಂತ ತಿಳ್ಕೊಳ್ಳಿ

ಸ್ವಿಫ್ಟ್, ಆಲ್ಟೊ, ಐ10 ತರ ಮುಂದಿನ ಚಕ್ರ ಎಳೆಯೋ ಕಾರಾಗಿದ್ರೆ ಹಿಂದೆ ಎಳೆಯೋಕೆ ಆಕ್ಸಲ್ಲೇ ಇಲ್ಲ, ಬರೀ ಹಬ್ ಇರತ್ತೆ, ಕೆಲಸ ತುಂಬಾ ಸಣ್ಣದು. ಪೋಲೊ, ವೆಂಟೊ ಆದ್ರೆ ಸ್ಟಡ್ಡೇ ಇರಲ್ಲ, ಹೊರಗಿಂದ ಬೋಲ್ಟ್ ಹಾಕೋದು. ನೀವು ಮುಂದೆ ಓದೋದೇ ಬೇಡ.

ದೊಡ್ಡ ಲಾರಿಗಳಲ್ಲಿ ಇರೋದು ಫುಲ್ ಫ್ಲೋಟಿಂಗ್ ಆಕ್ಸಲ್. ಅಂದ್ರೆ ಗಾಡಿ ಭಾರ ಹಬ್ ಮೇಲೆ, ಆಕ್ಸಲ್ ಬರೀ ತಿರುಗಿಸೋ ಕೆಲಸ ಮಾಡತ್ತೆ, ಚಕ್ರ ಇದ್ದ ಹಾಗೇ ಆಕ್ಸಲ್ ಎಳ್ಕೋಬಹುದು. ಜಿಪ್ಸಿದು ಸೆಮಿ ಫ್ಲೋಟಿಂಗ್. ಇಲ್ಲಿ ಆಕ್ಸಲ್ ತುದಿಯಲ್ಲೇ ತಟ್ಟೆ ತರ ಅಗಲವಾದ ಫ್ಲಾಂಜ್ ಇರತ್ತೆ, ಸ್ಟಡ್ ಅದರ ಹಿಂದಿನಿಂದ ಬಿಗಿಯಾಗಿ ತೂರಿರತ್ತೆ, ಗಾಡಿ ಭಾರ ತಿರುಗೋ ಆಕ್ಸಲ್ ಮೇಲೇ ಕೂತಿರತ್ತೆ. ಸ್ಟಡ್ ಹಿಂದಕ್ಕೆ ಬರಬೇಕು, ಹಿಂದೆ ಬ್ರೇಕ್ ಶೂ, ಅದರ ಹಿಂದೆ ಬ್ಯಾಕಿಂಗ್ ಪ್ಲೇಟ್ (ಬ್ರೇಕ್ ಸಾಮಾನೆಲ್ಲಾ ಕೂತಿರೋ ತಗಡಿನ ಪ್ಲೇಟ್) ಅಡ್ಡ. ತೊಂದರೆ ಇರೋದು ಇಷ್ಟೇ.

ಹಂಗಾಗಿ ಆಕ್ಸಲ್ ಮುಟ್ಟೋಕೆ ಮುಂಚೆ ಒಂದು ಕೆಲಸ ಮಾಡಿ. ಡ್ರಮ್ ತೆಗೀರಿ, ಶೂ ತೆಗೀರಿ, ಹೊಸ ಸ್ಟಡ್ ಕೈಯಲ್ಲಿ ಹಿಡ್ಕೊಂಡು ಫ್ಲಾಂಜ್‌ನ ನಿಧಾನ ತಿರುಗಿಸ್ತಾ ಯಾವುದಾದ್ರೂ ಒಂದು ಕೋನದಲ್ಲಿ ಸ್ಟಡ್ ಹಿಂದಿನಿಂದ ತೂರಿಸೋಕೆ ಜಾಗ ಸಿಗತ್ತಾ ನೋಡಿ. ಸಿಕ್ಕಿದ್ರೆ, ಒಂದೇ ಸ್ಟಡ್ ಆದ್ರೆ, ಆಯಿಲ್ ಸೀಲ್ ಹತ್ರನೂ ಏನೂ ಜಿನುಗಿಲ್ಲ ಅಂದ್ರೆ, ಆಕ್ಸಲ್ ಇದ್ದಲ್ಲೇ ಇರಲಿ. ಆದ್ರೆ ಹಳೇ ಸ್ಟಡ್‌ನ ಸುತ್ತಿಗೆಲಿ ಹೊಡೆದು ತೆಗೀಬೇಡಿ. ಆ ಪೆಟ್ಟು ಎಲ್ಲಾ ಬೇರಿಂಗ್‌ಗೆ ಹೋಗತ್ತೆ, ಒಳಗಿನ ಗುಂಡು ತನ್ನ ದಾರಿ ಮೇಲೆ ಕಣ್ಣಿಗೆ ಕಾಣದಷ್ಟು ಗುಳಿ ಮಾಡತ್ತೆ, ಸ್ವಲ್ಪ ದಿನ ಆದ್ಮೇಲೆ ಸ್ಪೀಡ್ 50 ದಾಟಿದ್ರೆ ಗುಂಯ್ ಅಂತ ಸದ್ದು ಶುರು. ಆಗ ಯಾರಿಗೂ ಸ್ಟಡ್ ಹೊಡೆದಿದ್ದು ನೆನಪಿರಲ್ಲ, ಬೇರಿಂಗ್ ಕಂಪನಿಗೆ ಬೈತಾರೆ. ಇದ್ದಲ್ಲೇ ತೆಗೆಯೋದಾದ್ರೆ ಬಾಲ್ ಜಾಯಿಂಟ್ ತೆಗೆಯೋ ಪುಲ್ಲರ್ ತರದ್ದು ಹಾಕಿ ಒತ್ತಿ ತೆಗೀರಿ.

ಜಾಗ ಸಿಗಲಿಲ್ಲ, ಇಲ್ಲಾ ಎರಡು ಮೂರು ಸ್ಟಡ್ ಹೋಗಿವೆ, ಇಲ್ಲಾ ಡ್ರಮ್ ಒಳಗೆ ಆಯಿಲ್ ಜಿನುಗಿದೆ, ಇದರಲ್ಲಿ ಯಾವುದೊಂದಿದ್ರೂ ಆಕ್ಸಲ್ ತೆಗೆಯೋದೇ ಸರಿ.

ಏನೇನು ತಂದಿಟ್ಕೋಬೇಕು

ಸ್ಟಡ್: ಜಿಪ್ಸಿಗೆ ಒಂದು ಚಕ್ರಕ್ಕೆ 5 ಸ್ಟಡ್, 12 ಎಂಎಂ ದಪ್ಪ, 1.25 ಪಿಚ್ ಥ್ರೆಡ್. ಇಷ್ಟು ಹೇಳಿ ಅಂಗಡಿಯಲ್ಲಿ ತಗೊಂಡ್ರೆ ಸಾಲಲ್ಲ. ಸ್ಟಡ್ ತಲೆ ಕೆಳಗೆ ಸಣ್ಣ ಹಲ್ಲಿನ ಪಟ್ಟಿ ಇರತ್ತೆ ನೋಡಿ, ಅದಕ್ಕೆ ಸ್ಪ್ಲೈನ್ ಅಂತಾರೆ, ಫ್ಲಾಂಜ್ ತೂತಲ್ಲಿ ಕಚ್ಕೊಂಡು ಸ್ಟಡ್ ಸುತ್ತದೇ ಇರೋ ಹಾಗೆ ಹಿಡಿಯೋದು ಅದೇ. ಆ ಹಲ್ಲಿನ ದಪ್ಪ, ಉದ್ದ, ತಲೆ ಅಗಲ ಎಲ್ಲಾ ಒಂದೇ ಇರಬೇಕು. ಹಳೇದು ಒಂದು ಸ್ಯಾಂಪಲ್ ಜೇಬಲ್ಲಿಟ್ಕೊಂಡು ಹೋಗಿ, ಬೆಂಗಳೂರಾದ್ರೆ ಜೆ.ಸಿ. ರೋಡ್‌ನಲ್ಲಿ ಸಿಗತ್ತೆ, ಕೌಂಟರ್ ಮೇಲೇ ಎರಡೂ ಪಕ್ಕ ಪಕ್ಕ ಇಟ್ಟು ವರ್ನಿಯರ್ ಹಾಕಿಸಿ ನೋಡಿ. ಗುಜರಿ ಸ್ಟಡ್ ಬೇಡವೇ ಬೇಡ, ಅದು ಎಷ್ಟು ಎಳೆತ ತಿಂದಿದ್ಯೋ ಯಾರಿಗೆ ಗೊತ್ತು. ಒಂದು ಕಟ್ ಆಗಿದ್ರೂ ಆ ಚಕ್ರದ ಐದೂ ತಗೊಳ್ಳಿ, ಯಾಕಂದ್ರೆ ಒಂದು ಕಟ್ ಆದ್ಮೇಲೂ ಗಾಡಿ ಓಡಿಸಿದ್ದೀರಿ, ಅದರ ಭಾರ ಪಕ್ಕದ ಎರಡು ಹೊತ್ತಿವೆ. ನಟ್‌ಗಳೂ ಹೊಸವೇ ಆಗಲಿ.

ಆಕ್ಸಲ್ ಆಯಿಲ್ ಸೀಲ್, ಗ್ಯಾಸ್ಕೆಟ್ ಪೇಸ್ಟ್ (ಅನಾಬಾಂಡ್ ತರದ್ದು), ಕ್ರೌನ್ ಆಯಿಲ್ ಅಂದ್ರೆ ಜಿಎಲ್-5 ಗ್ರೇಡಿನ ಗೇರ್ ಆಯಿಲ್ ಎರಡು ಲೀಟರ್ (ಹಿಂದಿನ ಹೌಸಿಂಗ್, ಅಂದ್ರೆ ಆಕ್ಸಲ್ ಒಳಗೆ ಕೂತಿರೋ ಕಬ್ಬಿಣದ ಕವಚ, ಸುಮಾರು ಒಂದೂವರೆ ಲೀಟರ್ ಹಿಡಿಯತ್ತೆ), ಬ್ರೇಕ್ ಆಯಿಲ್, ಬನಿಯನ್ ವೇಸ್ಟ್. ಟೂಲ್ಸ್‌ನಲ್ಲಿ ಎರಡು ಜಾಕ್ ಸ್ಟ್ಯಾಂಡ್, ಬಾಕ್ಸ್ ಸ್ಪ್ಯಾನರ್ ಸೆಟ್, ಬ್ರೇಕ್ ಪೈಪ್‌ಗೆ ಫ್ಲೇರ್ ನಟ್ ಸ್ಪ್ಯಾನರ್ (ನಟ್‌ನ ಸುತ್ತ ಹಿಡಿಯೋ, ಪೈಪ್ ತೂರೋಕೆ ಮಾತ್ರ ಸಂದಿ ಇರೋ ರಿಂಗ್), ಟಾರ್ಕ್ ರೆಂಚ್ (ಎಷ್ಟು ಬಿಗಿ ಆಯ್ತು ಅಂತ ಅಳೆದು ತೋರಿಸೋ ಸ್ಪ್ಯಾನರ್), ಸ್ಲೈಡ್ ಹ್ಯಾಮರ್. ಕೊನೇದು ಇಲ್ಲದಿದ್ರೂ ದಾರಿ ಇದೆ, ಹೇಳ್ತೀನಿ.

1. ಗಾಡಿ ಅಲ್ಲಾಡದ ಹಾಗೆ ನಿಲ್ಲಿಸೋದು

ಇದನ್ನ ಓದದೇ ಮುಂದೆ ಹೋಗ್ಬೇಡಿ. ಹ್ಯಾಂಡ್‌ಬ್ರೇಕ್ ಎಳೆದಿದ್ದೀನಿ, ಗೇರಲ್ಲಿ ಇಟ್ಟಿದ್ದೀನಿ ಅಂತ ಧೈರ್ಯವಾಗಿ ಕೆಳಗೆ ನುಗ್ಗೋರು ಜಾಸ್ತಿ. ಹಿಂದಿನ ಒಂದು ಚಕ್ರ ನೆಲ ಬಿಟ್ಟ ತಕ್ಷಣ ಗೇರ್ ಕೆಲಸ ಮಾಡಲ್ಲ, ಡಿಫರೆನ್ಷಿಯಲ್ (ಎರಡೂ ಆಕ್ಸಲ್‌ಗೆ ತಿರುಗೋ ಶಕ್ತಿ ಹಂಚೋ ಗೇರ್ ಗುಂಪು) ಒಳಗೆ ಎತ್ತಿದ ಕಡೆ ಆಕ್ಸಲ್ ತಿರುಗ್ಕೊಂಡು ಇನ್ನೊಂದು ಕಡೆ ಉರುಳೋಕೆ ಬಿಡತ್ತೆ. ಹಿಂದಿನ ಡ್ರಮ್‌ಗೆ ಬರೋ ಹ್ಯಾಂಡ್‌ಬ್ರೇಕಾದ್ರೆ ಡ್ರಮ್ ತೆಗೆಯೋಕೆ ಅದನ್ನ ಹೆಂಗಿದ್ರೂ ಬಿಡಲೇಬೇಕು. ಆದ್ದರಿಂದ ಸಮತಟ್ಟು ನೆಲ, ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಮರದ ಅಡೆ. ಜಿಪ್ಸಿಯಲ್ಲಿ ಇನ್ನೊಂದು ಅನುಕೂಲ ಇದೆ, ಫೋರ್ ವೀಲ್ ಹಾಕಿ ಫಸ್ಟ್ ಗೇರಲ್ಲಿ ಬಿಡಿ, ಮುಂದಿನ ಚಕ್ರಗಳೂ ಗೇರ್‌ಬಾಕ್ಸ್‌ಗೆ ಸೇರ್ಕೊಳ್ತವೆ. ಮುಂದಿನ ಹಬ್‌ನಲ್ಲಿ ಕೈಯಲ್ಲಿ ತಿರುಗಿಸೋ ಲಾಕ್ ಇದ್ರೆ ಅದನ್ನೂ ಲಾಕ್‌ಗೆ ಹಾಕಿ, ಇಲ್ಲಾಂದ್ರೆ ಫೋರ್ ವೀಲ್ ಹಾಕಿದ್ದಕ್ಕೆ ಅರ್ಥ ಇಲ್ಲ.

ನಟ್‌ಗಳನ್ನ ಚಕ್ರ ನೆಲದ ಮೇಲಿರುವಾಗಲೇ ಸಡಿಲ ಮಾಡ್ಕೊಳ್ಳಿ. ಆಮೇಲೆ ಜಾಕ್ ಎತ್ತಿ ಆಕ್ಸಲ್ ಹೌಸಿಂಗ್ ಕೆಳಗೆ ಸ್ಟ್ಯಾಂಡ್ ಕೊಡಿ. ಇಟ್ಟಿಗೆ, ಹಾಲೋ ಬ್ಲಾಕ್ ಮೇಲೆ ಗಾಡಿ ನಿಲ್ಲಿಸ್ಬೇಡಿ, ಅವು ಬಗ್ಗಲ್ಲ, ಒಂದೇ ಸಲ ಪುಡಿ ಆಗ್ತವೆ. ಈ ಕೆಲಸದಲ್ಲಿ ಗಾಡಿನ ಪಕ್ಕಕ್ಕೆ ಜಗ್ಗೋದು ಬೇರೆ ಇದೆ.

ನೀವು ಕೆಲಸ ಮಾಡೋ ಕಡೆನೇ ಎತ್ತರ ಇರಲಿ. ಆಯಿಲ್ ಇನ್ನೊಂದು ಕಡೆ ಹರ್ಕೊಂಡು ಹೋಗತ್ತೆ, ಆಕ್ಸಲ್ ಎಳೆದಾಗ ಚೆಲ್ಲೋದು ಕಮ್ಮಿ. ಹಳೇ ಆಯಿಲ್ ಕಪ್ಪಾಗಿದ್ರೆ, ಇಲ್ಲಾ ನೀರು ಸೇರಿ ಹಾಲು ಹಾಕಿದ ಕಾಫಿ ಬಣ್ಣಕ್ಕೆ ಬಂದಿದ್ರೆ ಪೂರ್ತಿ ಇಳಿಸಿಬಿಡಿ. ಇಳಿಸೋಕೆ ಮುಂಚೆ ಮೇಲಿನ ಫಿಲ್ಲರ್ ಪ್ಲಗ್ (ಆಯಿಲ್ ತುಂಬೋ ತೂತಿನ ಬಿರಡೆ) ಬಿಚ್ಚೋಕೆ ಬರತ್ತಾ ಅಂತ ನೋಡ್ಕೊಳ್ಳಿ. ಕೆಳಗಿಂದು ಬಿಚ್ಚಿ ಎಲ್ಲಾ ಸುರಿದ್ಮೇಲೆ ಮೇಲಿಂದು ತುಕ್ಕು ಹಿಡಿದು ಬರಲ್ಲ ಅಂದ್ರೆ ಗಾಡಿ ಅಲ್ಲೇ ಕೂರತ್ತೆ.

ಸುತ್ತೋ ಸ್ಟಡ್ ಬಗ್ಗೆ ಒಂದು ಮಾತು. ನಟ್ ತಿರುಗಿಸಿದ್ರೆ ಸ್ಟಡ್ ಕೂಡ ಸುತ್ತಿದ್ರೆ ಹಲ್ಲು ಹೋಗಿದೆ ಅಂತ, ಆ ನಟ್ ಹೊರಗಿಂದಲೇ ಸೀಳಿ ಇಲ್ಲಾ ಡ್ರಿಲ್ ಹಾಕಿ ತೆಗೀಬೇಕು. ಹಳೇ ವಿಲ್ಲೀಸ್ ಜೀಪ್ ಇರೋರು ಅದಕ್ಕೂ ಮುಂಚೆ ಒಂದು ನೋಡ್ಕೊಳ್ಳಿ, ಅದರಲ್ಲಿ ಎಡಗಡೆ ಚಕ್ರಕ್ಕೆ ಉಲ್ಟಾ ಥ್ರೆಡ್, ಬಿಚ್ತಾ ಇದ್ದೀನಿ ಅಂದ್ಕೊಂಡು ಬಿಗಿ ಮಾಡಿ ಕಟ್ ಮಾಡಿದೋರು ಎಷ್ಟೋ ಜನ.

2. ಡ್ರಮ್, ಬ್ರೇಕ್

ಚಕ್ರ ತೆಗೆದ್ಮೇಲೆ ಡ್ರಮ್ ಕೈಗೆ ಬರಲಿಲ್ಲ ಅಂದ್ರೆ ಸುತ್ತಿಗೆ ತಗೋಬೇಡಿ. ಡ್ರಮ್ ಮುಖದಲ್ಲಿ ಸ್ಟಡ್ ತೂತು ಬಿಟ್ಟು ಥ್ರೆಡ್ ಇರೋ ಎರಡು ಸಣ್ಣ ತೂತು ಇವೆ, ಕೆಸರು ತುಂಬಿ ಮುಚ್ಚಿರತ್ತೆ, ಕೆರೆದು ನೋಡಿ. ಅದಕ್ಕೆ 8 ಎಂಎಂ ಬೋಲ್ಟ್ ಎರಡು ಹಾಕಿ ಒಂದೊಂದು ಸುತ್ತು ಆ ಕಡೆ ಈ ಕಡೆ ಬಿಗಿ ಮಾಡ್ತಾ ಹೋದ್ರೆ ಡ್ರಮ್ ತಾನೇ ಹೊರಗೆ ಬರತ್ತೆ. ಡ್ರಮ್ ಒಳಗೆ ಗೆರೆ ಬಿದ್ದು ಶೂ ಅದರಲ್ಲಿ ಸಿಕ್ಕೊಂಡಿದ್ರೆ ಮೊದಲು ಅಡ್ಜಸ್ಟರ್ (ಶೂ ಡ್ರಮ್‌ಗೆ ಎಷ್ಟು ಹತ್ರ ಇರಬೇಕು ಅಂತ ಹೊಂದಿಸೋದು) ಹಿಂದಕ್ಕೆ ಬಿಡಿ.

ಸ್ಪ್ರಿಂಗ್ ಬಿಚ್ಚೋಕೆ ಮುಂಚೆ ಮೊಬೈಲಲ್ಲಿ ಫೋಟೋ. ಎರಡೂ ಕಡೆ ಒಟ್ಟಿಗೆ ಬಿಚ್ಬೇಡಿ, ಫೋಟೋ ಅರ್ಥ ಆಗದಿದ್ರೆ ಇನ್ನೊಂದು ಕಡೆ ನೋಡಿ ಜೋಡಿಸಬಹುದು. ಹಳೇ ಲೈನರ್ ಧೂಳನ್ನ ಬಾಯಲ್ಲಿ ಊದ್ಬೇಡಿ, ಏರ್ ಹೊಡೀಬೇಡಿ, ಒದ್ದೆ ಬಟ್ಟೆಲಿ ಒರೆಸಿ ತೆಗೀರಿ.

ಆಮೇಲೆ ವೀಲ್ ಸಿಲಿಂಡರ್‌ಗೆ ಬರೋ ಬ್ರೇಕ್ ಪೈಪ್ ಬಿಚ್ಚಿ, ಹ್ಯಾಂಡ್‌ಬ್ರೇಕ್ ಕೇಬಲ್ ಆ ಡ್ರಮ್‌ಗೆ ಬಂದಿದ್ರೆ ಅದನ್ನೂ. ಪೈಪ್ ನಟ್‌ಗೆ ಮಾಮೂಲಿ ಓಪನ್ ಸ್ಪ್ಯಾನರ್ ಹಾಕಿದ್ರೆ ಮೂಲೆ ಸವೆದು ದುಂಡಗಾಗತ್ತೆ, ಬಲವಂತ ಮಾಡಿದ್ರೆ ಪೈಪ್ ತಿರುಚತ್ತೆ, ಹಿಂದಿನ ರಾತ್ರಿನೇ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಟ್ರೆ ಒಳ್ಳೇದು. ಪೈಪ್ ತುದಿಗೆ ರಬ್ಬರ್ ಕ್ಯಾಪ್ ಹಾಕಿ. ಬ್ರೇಕ್ ಆಯಿಲ್ ಪೇಂಟ್ ಮೇಲೆ ಬಿದ್ರೆ ನೀರು ಹಾಕಿ ತೊಳೀರಿ, ಬಿಟ್ರೆ ಬಣ್ಣ ಎದ್ದು ಬರತ್ತೆ.

3. ಆಕ್ಸಲ್ ಎಳೆಯೋದು

ಬ್ಯಾಕಿಂಗ್ ಪ್ಲೇಟ್‌ನ ಹೌಸಿಂಗ್‌ಗೆ ಹಿಡಿದಿರೋ 4 ನಟ್ ಒಳಗಡೆಯಿಂದ ಬಿಚ್ಚಿ. ಜಿಪ್ಸಿಯಲ್ಲಿ ಆಕ್ಸಲ್ ಒಂದೇ ಬರಲ್ಲ, ಬ್ಯಾಕಿಂಗ್ ಪ್ಲೇಟ್ ಅದರ ಮೇಲೇ ಸಿಕ್ಕೊಂಡಿದೆ, ಬೇರಿಂಗ್ ಜೊತೆ ಸೇರಿ ಎಲ್ಲಾ ಒಟ್ಟಿಗೆ ಹೊರಗೆ ಬರತ್ತೆ. ಅದಕ್ಕೇ ಬ್ರೇಕ್ ಪೈಪ್ ಬಿಚ್ಚಿದ್ದು.

ಸ್ಲೈಡ್ ಹ್ಯಾಮರ್ ಅಂದ್ರೆ ಕಂಬಿ ಮೇಲೆ ಜಾರೋ ತೂಕದ ಗುಂಡು, ಫ್ಲಾಂಜ್‌ಗೆ ಸಿಕ್ಕಿಸಿ ಹೊರಗಡೆಗೆ ಜಾಡಿಸಿದ್ರೆ ಆಕ್ಸಲ್ ಎಳ್ಕೊಂಡು ಬರತ್ತೆ. ಇಲ್ಲದೋರು ಬ್ರೇಕ್ ಡ್ರಮ್‌ನೇ ಉಲ್ಟಾ, ಅಂದ್ರೆ ಬಾಯಿ ಹೊರಗೆ ಬರೋ ಹಾಗೆ ಸ್ಟಡ್‌ಗಳ ಮೇಲೆ ಹಾಕಿ, ನಟ್‌ಗಳನ್ನ ತುದೀಲಿ ಮಾತ್ರ ಕಚ್ಚಿಸಿ. ಡ್ರಮ್ ಒಳಗೂ ಹೊರಗೂ ಆಡೋಕೆ ಒಂದಿಂಚು ಜಾಗ ಇರಲಿ. ಎರಡೂ ಕೈಲಿ ಹಿಡ್ಕೊಂಡು ಹೊರಗಡೆಗೆ ಜೋರಾಗಿ ಎಳೆದು ನಟ್‌ಗೆ ಬಡಿಸಿ, ಅದೇ ಸ್ಲೈಡ್ ಹ್ಯಾಮರ್. ಹೇಗಿದ್ರೂ ಬಿಸಾಕೋ ಸ್ಟಡ್ ಮೇಲೆ ಮಾಡೋದ್ರಿಂದ ಥ್ರೆಡ್ ಹಾಳಾದ್ರೂ ಚಿಂತೆ ಇಲ್ಲ. ಜಗ್ಗೋಕೆ ಶುರು ಮಾಡೋ ಮುಂಚೆ ಸ್ಟ್ಯಾಂಡ್ ಇನ್ನೊಂದು ಸಲ ಅಲ್ಲಾಡಿಸಿ ನೋಡಿ.

ಹಾರೆ ಹಾಕಿ ಬ್ಯಾಕಿಂಗ್ ಪ್ಲೇಟ್ ಮೀಟಬೇಡಿ, ತಗಡು ಬಗ್ಗತ್ತೆ, ಆಮೇಲೆ ಶೂ ಡ್ರಮ್‌ಗೆ ನೇರ ಕೂರಲ್ಲ.

ಆಕ್ಸಲ್ ಬರೋಕೆ ಶುರುವಾದ್ಮೇಲೆ ಕೈ ಕೆಳಗೆ ಕೊಟ್ಟು ನೇರವಾಗಿ ಎಳೀರಿ, ಸೀಲ್ ಮೇಲೆ ಎಳ್ಕೊಂಡು ಬರಬಾರದು. ಬಂದ್ಮೇಲೆ ಒಳತುದಿಯ ಹಲ್ಲು ನೋಡಿ, ತಿರುಚಿದ ಹಾಗೆ ಓರೆ ಆಗಿದ್ರೆ ಆ ಆಕ್ಸಲ್ ಇನ್ನು ಜಾಸ್ತಿ ದಿನ ಬಾಳಲ್ಲ. ಸೀಲ್ ಬಾಯಿ ಉಜ್ಜೋ ಜಾಗದಲ್ಲಿ ಬೆರಳು ಆಡಿಸಿ, ಉಗುರಿಗೆ ಸಿಗೋ ಗೆರೆ ಇದ್ರೆ ಹೊಸ ಸೀಲೂ ಜಿನುಗತ್ತೆ. ಬೇರಿಂಗ್ ಕೈಲಿ ತಿರುಗಿಸಿದ್ರೆ ಮೆತ್ತಗೆ ತಿರುಗಬೇಕು, ಕರಕರ ಅಂದ್ರೆ ಅದನ್ನೂ ಈಗಲೇ ಬದಲಾಯಿಸಿ. ಅದು ಮಾತ್ರ ಮನೇಲಿ ಆಗೋ ಕೆಲಸ ಅಲ್ಲ, ಬೇರಿಂಗ್ ಹಿಂದೆ ಒಂದು ಉಂಗುರ ಬಿಗಿಯಾಗಿ ಒತ್ತಿ ಕೂರಿಸಿರ್ತಾರೆ, ಇಡೀ ಆಕ್ಸಲ್ ಹೊರಗೆ ಜಾರದ ಹಾಗೆ ಹಿಡಿದಿರೋದೇ ಆ ಉಂಗುರ. ಅದನ್ನ ಗ್ರೈಂಡ್ ಮಾಡಿ ಉಳಿಯಲ್ಲಿ ಸೀಳಿ ತೆಗೀಬೇಕು, ಹೊಸ ಉಂಗುರ ಪ್ರೆಸ್‌ನಲ್ಲೇ ಕೂರಿಸಬೇಕು, ಹಳೇದು ತಿರುಗಿ ಹಾಕಬಾರದು. ಯಾರಾದ್ರೂ ಗ್ಯಾಸ್ ಕಟ್ಟರ್ ಎತ್ಕೊಂಡ್ರೆ ಆಕ್ಸಲ್ ಕಸ್ಕೊಂಡು ಬನ್ನಿ, ಕಾಯಿಸಿದ ಆಕ್ಸಲ್ ಮೇಲೆ ನಂಬಿಕೆ ಇಡೋಕಾಗಲ್ಲ. ಬೇರಿಂಗ್ ಚೆನ್ನಾಗಿದ್ರೆ ಆ ಉಂಗುರದ ತಂಟೆಗೇ ಹೋಗ್ಬೇಡಿ.

4. ಸ್ಟಡ್ ತೆಗೆದು ಹಾಕೋದು

ಒಳ್ಳೇ ದಾರಿ ಅಂದ್ರೆ ಲೇತ್ ಅಂಗಡಿ ಪ್ರೆಸ್. ಐದು ಸ್ಟಡ್ ತೆಗೆದು ಹಾಕೋಕೆ ಅವರಿಗೆ ಜಾಸ್ತಿ ಹೊತ್ತು ಬೇಡ. ನೀವು ಪಕ್ಕದಲ್ಲಿ ನಿಂತು ಒಂದೇ ವಿಷಯ ನೋಡ್ಕೊಳ್ಳಿ: ಒತ್ತುವಾಗ ಫ್ಲಾಂಜ್‌ಗೆ ಸಪೋರ್ಟ್ ಸ್ಟಡ್ ತೂತಿನ ಸುತ್ತಲೇ ಸಿಗಬೇಕು. ಆಕ್ಸಲ್ ತುದಿ ನೆಲಕ್ಕೆ ಊರಿ ಫ್ಲಾಂಜ್ ಅಂಚು ಒತ್ತಿದ್ರೆ ಫ್ಲಾಂಜ್ ಬಗ್ಗತ್ತೆ, ಆಮೇಲೆ ಚಕ್ರ ಕುಣಿಯತ್ತೆ, ಅಲೈನ್‌ಮೆಂಟ್ ಬ್ಯಾಲೆನ್ಸಿಂಗ್ ಏನು ಮಾಡಿದ್ರೂ ಹೋಗಲ್ಲ. ಬ್ಯಾಕಿಂಗ್ ಪ್ಲೇಟ್ ಈಗ ಸಡಿಲ ಇರತ್ತಲ್ಲ, ಅದನ್ನ ಬೇರಿಂಗ್ ಕಡೆ ಸರಿಸಿ ಆ ಕಡೆ ಈ ಕಡೆ ತಿರುಗಿಸಿದ್ರೆ ಸ್ಟಡ್ ತಲೆಗೆ ಜಾಗ ಸಿಗತ್ತೆ.

ಪ್ರೆಸ್ ಇಲ್ಲದ ಊರಲ್ಲಿ ನಟ್‌ನಿಂದ ಎಳೆದು ಕೂರಿಸಬಹುದು. ಸ್ಟಡ್ ಹಿಂದಿನಿಂದ ತೂರಿಸಿ, ಮುಂದೆ ಮೂರ್ನಾಲ್ಕು ದಪ್ಪ ವಾಷರ್ ಹಾಕಿ, ಥ್ರೆಡ್‌ಗೂ ವಾಷರ್‌ಗೂ ಗ್ರೀಸ್ ಸವರಿ, ಒಂದು ಹಳೇ ನಟ್ ಚಪ್ಪಟೆ ಮುಖ ಒಳಗೆ ಬರೋ ಹಾಗೆ ಹಾಕಿ ಉದ್ದ ಹಿಡಿಯ ಸ್ಪ್ಯಾನರಲ್ಲಿ ನಿಧಾನ ಎಳೀರಿ. ಏರ್ ಗನ್ ಬೇಡ, ಸ್ಟಡ್ ಥ್ರೆಡ್ ಗಾಡಿಗೆ ಹಾಕೋ ಮುಂಚೆನೇ ಎಳೆದು ಹಾಳಾಗತ್ತೆ. ಆ ನಟ್ ಆಮೇಲೆ ಕಸಕ್ಕೆ, ಚಕ್ರಕ್ಕೆ ಹಾಕೋ ನಟ್ ಬೇರೆ. ಕೂತ್ಮೇಲೆ ಗ್ರೀಸ್ ಪೂರ್ತಿ ಒರೆಸಿ.

ಸ್ಟಡ್ ತಲೆ ಫ್ಲಾಂಜ್‌ಗೆ ಪೂರ್ತಿ ಅಂಟಿ ಕೂತಿರಬೇಕು. ಹಳೇ ಬ್ಲೇಡ್ ತಗೊಂಡು ತಲೆ ಕೆಳಗೆ ತೂರಿಸಿ ನೋಡಿ, ಎಲ್ಲಾ ಸುತ್ತಲೂ. ಎಲ್ಲಾದ್ರೂ ತೂರಿದ್ರೆ ಇನ್ನೂ ಕೂತಿಲ್ಲ ಅಂತ. ಅರ್ಧ ಕೂತಿರೋ ಸ್ಟಡ್ ಟಾರ್ಕ್ ಕೊಟ್ಟಾಗ ಸರಿಯಾಗೇ ತೋರಿಸತ್ತೆ, ಗಾಡಿ ಓಡ್ತಾ ಓಡ್ತಾ ಒಳಗೆ ಸರಿಯತ್ತೆ, ನಟ್ ಸಡಿಲ ಆಗತ್ತೆ. ಹೊಸ ಸ್ಟಡ್ ಹಾಕಿಸಿದ ವಾರದಲ್ಲೇ ನಟ್ ಲೂಸ್ ಅಂತ ಬರೋರದ್ದು ಹೆಚ್ಚಾಗಿ ಇದೇ ಕತೆ.

ಹೊಸ ಸ್ಟಡ್ ಕೈಲಿ ತಳ್ಳಿದ್ರೇ ಹೋಗ್ತಿದೆ ಅಂದ್ರೆ ತೂತು ಅಗಲ ಆಗಿದೆ. ಇಲ್ಲಿ ಎಲ್ರೂ ಹೇಳೋದು ಒಂದೇ, "ಹಿಂದೆ ಎರಡು ಟಾಕ ಹಾಕ್ಬಿಡೋಣ ಸಾರ್." ಬೇಡ. ವೆಲ್ಡಿಂಗ್ ಬಿಸಿಗೆ ಸ್ಟಡ್‌ನ ಗಟ್ಟಿತನ ಹೋಗತ್ತೆ, ಪಕ್ಕದಲ್ಲೇ ಕಟ್ ಆಗತ್ತೆ, ಫ್ಲಾಂಜೂ ಸೊಟ್ಟ ಆಗತ್ತೆ. ಬೇರೆ ಆಕ್ಸಲ್ ಹುಡುಕಿ. ಆಕ್ಸಲ್ ಆದ್ರೆ ಗುಜರಿದು ತರಬಹುದು, ಒಳತುದಿಯ ಹಲ್ಲು, ಸೀಲ್ ಜಾಗ, ಫ್ಲಾಂಜ್ ತೂತು ಮೂರೂ ನೋಡಿ ತನ್ನಿ.

5. ಸೀಲ್

ಆಕ್ಸಲ್ ಹೊರಗೆ ಬಂದ್ಮೇಲೆ ಹಳೇ ಸೀಲ್ ಚೆನ್ನಾಗೇ ಇದೆ ಅಂತ ಬಿಡೋದು ಜಿಪುಣತನ. ಹೌಸಿಂಗ್ ಒಳಗೆ ಗೆರೆ ಬೀಳದ ಹಾಗೆ ಮೀಟಿ ತೆಗೀರಿ. ಹೊಸ ಸೀಲ್‌ನ ಸ್ಪ್ರಿಂಗ್ ಕಾಣೋ ಮುಖ ಆಯಿಲ್ ಕಡೆ, ಅಂದ್ರೆ ಒಳಗೆ. ಸೀಲ್‌ನ ಹೊರ ಅಳತೆಗೆ ಹೊಂದೋ ಪೈಪ್ ತುಂಡಿಟ್ಟು ಮೆಲ್ಲಗೆ ತಟ್ಟಿ ನೇರ ಕೂರಿಸಿ, ಬಾಯಿಗೆ ಸ್ವಲ್ಪ ಗ್ರೀಸ್.

ಹಳೇ ಸೀಲ್ ಯಾಕೆ ಹೋಯ್ತು ಅಂತಾನೂ ನೋಡಿ. ಹೌಸಿಂಗ್ ಮೇಲೆ ಬ್ರೀದರ್ ಅಂತ ಸಣ್ಣ ಉಸಿರಾಟದ ಕೊಳವೆ ಇರತ್ತೆ, ತೋಟದ ಕೆಸರಲ್ಲಿ ಓಡಾಡೋ ಗಾಡಿಗಳಲ್ಲಿ ಅದು ಮಣ್ಣು ತಿಂದು ಮುಚ್ಚಿರತ್ತೆ. ಬಿಸಿ ಆದಾಗ ಒಳಗಿನ ಗಾಳಿಗೆ ದಾರಿ ಇಲ್ಲದೆ ಸೀಲ್ ಬಾಯಿಂದ ಆಯಿಲ್ ದೂಡತ್ತೆ. ಅದನ್ನ ಬಿಡಿಸದೆ ವರ್ಷಾ ವರ್ಷಾ ಸೀಲ್ ಹಾಕಿಸ್ತಿರೋರಿದ್ದಾರೆ.

ಗೇರ್ ಆಯಿಲ್ ಕುಡಿದಿರೋ ಶೂ ಬಿಸಾಕಿ. ಪೆಟ್ರೋಲಲ್ಲಿ ತೊಳೆದು ಎಮರಿ ಪೇಪರ್ ಉಜ್ಜಿದ್ರೆ ಮೇಲೆ ಮಾತ್ರ ಚೆನ್ನಾಗಿ ಕಾಣತ್ತೆ, ಘಾಟಿ ಇಳಿಯುವಾಗ ಬಿಸಿ ಏರಿ ಒಳಗಿನ ಆಯಿಲ್ ಮೇಲೆ ಬರತ್ತೆ, ಗಾಡಿ ಒಂದು ಕಡೆ ಎಳೆಯತ್ತೆ. ಹಾಕೋದಾದ್ರೆ ಎರಡೂ ಕಡೆ ಸೆಟ್ ಹಾಕಿ.

6. ವಾಪಸ್ ಜೋಡಿಸೋದು

ಹೌಸಿಂಗ್ ಮುಖ ಕೆರೆದು ಒರೆಸಿ, ಗ್ಯಾಸ್ಕೆಟ್ ಪೇಸ್ಟ್ ತೆಳ್ಳಗೆ ಒಂದು ಸುತ್ತು. ಮೆತ್ತಬೇಡಿ, ಜಾಸ್ತಿ ಆದ್ರೆ ಒಳಗೆ ಬೀಳತ್ತೆ. ಆಕ್ಸಲ್ ಎತ್ತಿ ಹಿಡ್ಕೊಂಡು ಸೀಲ್‌ಗೆ ತಾಗದ ಹಾಗೆ ಒಳಗೆ ಬಿಡಿ, ತುದಿ ಡಿಫರೆನ್ಷಿಯಲ್ ಗೇರ್‌ಗೆ ಮುಟ್ಟಿದಾಗ ನಿಲ್ಲತ್ತೆ, ಫ್ಲಾಂಜ್ ಸ್ವಲ್ಪ ಆ ಕಡೆ ಈ ಕಡೆ ತಿರುಗಿಸಿದ್ರೆ ಹಲ್ಲಿಗೆ ಹಲ್ಲು ಸೇರಿ ಒಳಗೆ ಹೋಗತ್ತೆ. ಹೋಗ್ತಿಲ್ಲ ಅಂತ ಸುತ್ತಿಗೆ ಹೊಡೆಯೋದಲ್ಲ, ಇನ್ನೊಂದು ಸಲ ತಿರುಗಿಸಿ ನೋಡೋದು. 4 ನಟ್ ಎದುರು ಬದುರು ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿದ್ರೆ ಬೇರಿಂಗ್ ಕೊನೇ ಚೂರು ನೇರವಾಗಿ ಎಳ್ಕೊಂಡು ಕೂರತ್ತೆ.

ಶೂ, ಪೈಪ್, ಕೇಬಲ್, ಡ್ರಮ್ ಹಾಕಿ ಬ್ರೇಕ್ ಬ್ಲೀಡ್ ಮಾಡಿ, ಅಂದ್ರೆ ಪೆಡಲ್ ಒತ್ತಿಸ್ತಾ ಪೈಪಲ್ಲಿ ಸೇರಿರೋ ಗಾಳಿ ಹೊರಗೆ ಬಿಡೋದು. ಕ್ರೌನ್ ಆಯಿಲ್ ತುಂಬೋದು ಗಾಡಿ ಕೆಳಗಿಳಿಸಿ ಸಮ ನಿಂತ್ಮೇಲೆ, ಫಿಲ್ಲರ್ ತೂತಿನ ಕೆಳ ಅಂಚಿಂದ ಸುರಿಯೋಕೆ ಶುರು ಆಗೋವರೆಗೆ. ಆಮೇಲೆ ಗಾಡಿ ಸ್ಟಾರ್ಟ್ ಮಾಡಿ ನಿಂತಲ್ಲೇ ಪೆಡಲ್ ಒತ್ತಿ, ಗಟ್ಟಿ ಸಿಕ್ಕಿದ್ರೆ ಮಾತ್ರ ಗೇರ್ ಹಾಕೋದು.

7. ನಟ್ ಬಿಗಿ ಮಾಡೋದು

ಸ್ಟಡ್ ಹೋಗೋದು ಇಲ್ಲೇ. ನಟ್‌ನ ಕೋನ್ ಇರೋ ಮುಖ ಚಕ್ರದ ಕಡೆ, ಪ್ರತಿ ನಟ್ ಕೈ ಬೆರಳಲ್ಲೇ ಕನಿಷ್ಠ ನಾಲ್ಕೈದು ಸುತ್ತು ಹೋಗಬೇಕು. ಹೋಗದಿದ್ರೆ ಥ್ರೆಡ್ ಅಡ್ಡ ಕಚ್ಚಿದೆ, ಬಿಚ್ಚಿ ತಿರುಗಿ ಹಾಕಿ. ಒಂದು ಬಿಟ್ಟು ಒಂದರಂತೆ ನಕ್ಷತ್ರದ ಆಕಾರದಲ್ಲಿ ಎರಡು ಸುತ್ತಲ್ಲಿ ಬಿಗಿ ಮಾಡಿ, ಕೊನೇ ಬಿಗಿ ಟಾರ್ಕ್ ರೆಂಚಲ್ಲಿ, ನಿಮ್ಮ ಮಾಡೆಲ್‌ನ ಮ್ಯಾನ್ಯುವಲ್ ಹೇಳೋ ಅಂಕಿಗೆ. ಪಕ್ಕದ ಮನೆ ಸ್ಕಾರ್ಪಿಯೊ ಅಂಕಿ ಜಿಪ್ಸಿಗೆ ಹಾಕ್ಬೇಡಿ. ಥ್ರೆಡ್‌ಗೆ ಆಯಿಲ್ ಗ್ರೀಸ್ ಹಚ್ಚಬೇಡಿ, ಜಾರೋದ್ರಿಂದ ಅದೇ ಟಾರ್ಕ್‌ಗೆ ಸ್ಟಡ್ ತುಂಬಾ ಜಾಸ್ತಿ ಎಳೆತ ತಿನ್ನತ್ತೆ.

ಪಂಚರ್ ಶಾಪ್‌ಗೆ ಹೋದಾಗ ಗನ್ ಎತ್ತೋ ಮುಂಚೆನೇ ಹೇಳಿ, ನಟ್ ಕೈಲಿ ಕೂರಿಸಪ್ಪ, ಕೊನೇ ಬಿಗಿ ನಾನೇ ಮಾಡ್ಕೋತೀನಿ ಅಂತ. ಸ್ವಲ್ಪ ಮುಖ ಸಿಂಡರಿಸ್ತಾರೆ, ಇರಲಿ.

ಅಮೆರಿಕದಲ್ಲಿ ಹಳೇ ಮಸ್ಟಾಂಗ್, ಪಿಕಪ್ ಇಟ್ಕೊಂಡಿರೋ ನಮ್ಮೋರಿಗೆ ಎರಡು ಸಾಲು: ಫೋರ್ಡ್ 8.8 ತರದ ಆಕ್ಸಲ್‌ಗಳಲ್ಲಿ ಮೇಲೆ ಹೇಳಿದ ಹಾಗೆ ಎಳೆದ್ರೆ ಜನ್ಮದಲ್ಲಿ ಬರಲ್ಲ, ಒಳಗೆ ಸಿ ಆಕಾರದ ಕ್ಲಿಪ್ ಹಿಡಿದಿರತ್ತೆ. ಡಿಫರೆನ್ಷಿಯಲ್ ಕವರ್ ತೆಗೆದು, ಲಾಕ್ ಬೋಲ್ಟ್ ಬಿಚ್ಚಿ ಅಡ್ಡ ಪಿನ್ ಎಳೆದು, ಆಕ್ಸಲ್‌ನ ಒಳಗೆ ತಳ್ಳಿದ್ರೆ ಕ್ಲಿಪ್ ಬೀಳತ್ತೆ, ಆಮೇಲೆ ಆಕ್ಸಲ್ ಕೈಯಲ್ಲೇ ಬರತ್ತೆ. ಪಿನ್ ಹೊರಗಿರುವಾಗ ಆಕ್ಸಲ್ ತಿರುಗಿಸ್ಬೇಡಿ, ಒಳಗಿನ ಸಣ್ಣ ಗೇರ್‌ಗಳು ಉದುರ್ತವೆ.

ಕೆಲಸ ಮುಗಿಸಿ 50ರಿಂದ 100 ಕಿಲೋಮೀಟರ್ ಓಡಿಸಿದ್ಮೇಲೆ, ಚಕ್ರ ತಣ್ಣಗಿರುವಾಗ, ಐದೂ ನಟ್ ಇನ್ನೊಂದು ಸಲ ಟಾರ್ಕ್ ನೋಡಿ. ಹಾಗೇ ಬಗ್ಗಿ ಟೈರ್ ಒಳಮುಖಕ್ಕೆ ಕೈ ಹಾಕಿ, ಒದ್ದೆ ಇದ್ರೆ ಮೂಸಿ: ಗಂಧಕದ ವಾಸನೆ ಬಂದ್ರೆ ಸೀಲ್, ಆ ವಾಸನೆ ಇಲ್ಲದೆ ತೆಳ್ಳಗಿದ್ರೆ ಬ್ರೇಕ್ ಪೈಪ್ ನಟ್.